ನಶ್ಯದ ಡಬ್ಬಿ

ಮ್ಯಾಂಚೆಸ್ಟರಿಗೆ ಓದಲು ಹೊರಟ ಮಧುಗಿರಿಯ ಶಂಕರಲಿಂಗಪ್ಪ ತನ್ನ ಹೆಸರಿನ ಅರ್ಧವನ್ನು ಹಡಗಿನಲ್ಲೇ ಕಳಚಿಟ್ಟ. ಬೊಂಬಾಯಿಯಲ್ಲಿ ಹತ್ತಿದವನು ಶಂಕರಲಿಂಗಪ್ಪ, ಆ ದಡದಲ್ಲಿ ಇಳಿದವನು ಬರಿಯ ಶಂಕರ್. ಬಿಳಿಯರ ನಾಲಿಗೆಗೆ ಅಷ್ಟುದ್ದದ ಹೆಸರು ತಿರುಗುವುದಿಲ್ಲ ಎಂಬುದು ನೆಪ. ಪಾಪ, ಅವರಲ್ಲಿ ಯಾರೂ ತಿರುಗಿಸಲು ನೋಡಿಯೇ ಇರಲಿಲ್ಲ. ಅವರು ಕೇಳುವ ಮೊದಲೇ ಇವನು ಮೊಟಕು ಮಾಡಿಕೊಂಡಿದ್ದ.

ತಂದೆ ಪರ್ವತಯ್ಯನವರಿಗೆ ಮಧುಗಿರಿ ಪೇಟೆಯಲ್ಲಿ ಜವಳಿ ಅಂಗಡಿ. ನೂಲುವ, ನೇಯುವ ಯಂತ್ರಗಳ ವಿದ್ಯೆ ಕಲಿತು ಬರಲಿ ಎಂದು ಮಗನನ್ನು ಕಳಿಸಿದ್ದರು. ಹೊರಡುವ ದಿನ ಅವನ ಎದೆಯ ಮೇಲೆ ಶಿವದಾರದಲ್ಲಿ ತೂಗುತ್ತಿದ್ದ ಬೆಳ್ಳಿ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಮುಟ್ಟಿ, "ಅಲ್ಲಿ ಏನ್ ಉಣ್ತೀಯೋ, ಏನ್ ಉಡ್ತೀಯೋ, ನಾನು ಕೇಳಾಕಿಲ್ಲ ಕಣ್ಲಾ. ಇದನ್ನ ಮಾತ್ರ ಮೈಯಿಂದ ಬುಡಬ್ಯಾಡ" ಎಂದರು.

ಕರಡಿಗೆಯೊಳಗೆ ಅವನ ಇಷ್ಟಲಿಂಗವಿತ್ತು. ಕೂಸಾಗಿದ್ದಾಗ ಗುರುಗಳು ಕಟ್ಟಿದ್ದು. ಇವರ ಮನೆಗಳಲ್ಲಿ ಗಂಡಸು ಹೆಂಗಸು ಎನ್ನದೆ ಎಲ್ಲರ ಎದೆಯ ಮೇಲೂ ಅದು ಇರಬೇಕು. ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ತುತ್ತು ಇಡುವಂತಿಲ್ಲ. ಉಸಿರು ನಿಂತ ಮೇಲೂ ಅದು ಜೊತೆಗೇ ಮಣ್ಣಿಗೆ ಹೋಗುತ್ತದೆ.

ಮೊದಮೊದಲು ಹುಡುಗ ಮಾತು ಉಳಿಸಿಕೊಂಡ. ಬಾಡಿಗೆ ಕೋಣೆಯಲ್ಲಿ ಕಾಸು ಹಾಕಿದರೆ ಮಾತ್ರ ಉರಿಯುವ ಗ್ಯಾಸಿನ ಒಲೆ, ಕಿಟಕಿಯಾಚೆ ಹೊಗೆ ಬೆರೆತ ಮಂಜು. ಅಂಥ ಚಳಿಯಲ್ಲೂ ಕಾಲು ಮಡಿಸಿ ಕೂತು ಪೂಜೆ ಮುಗಿಸಿಯೇ ಮನೆಯೊಡತಿ ಬೇಯಿಸಿದ ಆಲೂಗೆಡ್ಡೆಗೆ ಕೈ ಹಾಕುತ್ತಿದ್ದ. ಆಮೇಲಾಮೇಲೆ ಕಾಲೇಜಿಗೆ ಹೊತ್ತಾಗುತ್ತದೆಂದು ಪೂಜೆ ಚುಟುಕಾಯಿತು. ನಂತರ ಭಾನುವಾರಕ್ಕೊಮ್ಮೆ ಆಯಿತು. ಭಾನುವಾರಗಳಲ್ಲಿ ಊರು ನೋಡುವ ಚಪಲ ಹತ್ತಿದ ಮೇಲೆ ಅದೂ ತಪ್ಪಿತು. ಲಂಡನ್ನಿನ ಕೋಟೆ, ವಸ್ತುಸಂಗ್ರಹಾಲಯ, ನೆಲದಡಿಯ ರೈಲು, ಎಲ್ಲವನ್ನೂ ಬಾಯಿಬಿಟ್ಟುಕೊಂಡು ನೋಡಿದ. ಕರಡಿಗೆ ಮಾತ್ರ ಟೈ ಹಿಂದೆ ಎದೆಗಂಟಿಕೊಂಡು ಇದ್ದೇ ಇತ್ತು.

ಒಂದು ಬೇಸಿಗೆಯಲ್ಲಿ ಸಹಪಾಠಿಗಳ ಜೊತೆ ಬ್ಲ್ಯಾಕ್‌ಪೂಲಿನ ಕಡಲು ನೋಡಲು ಹೋದ. ಅಲ್ಲಿ ಆಕಾಶಕ್ಕೆ ಚಾಚಿದ ಕಬ್ಬಿಣದ ಗೋಪುರ, ದಂಡೆಯುದ್ದಕ್ಕೂ ಜನವೋ ಜನ. ಎಲ್ಲರೂ ನೀರಿಗಿಳಿಯುವ ಬಟ್ಟೆ ತೊಟ್ಟುಕೊಳ್ಳುವಾಗ ಇವನೂ ಅಂಗಿ ಬಿಚ್ಚಬೇಕಾಯಿತು. ಬಿಸಿಲಿಗೆ ಬೆಳ್ಳಿ ಫಳ್ಳೆಂದಿತು.

"ಅದೇನು ಶಂಕರ್, ಮೊಟ್ಟೆ ಕಟ್ಟಿಕೊಂಡಿದ್ದೀಯಾ?" ಎಂದ ಒಬ್ಬ. ಉಳಿದವರು ಗೊಳ್ಳೆಂದರು. ಆರ್ನಲ್ಡ್ ಒಬ್ಬ ನಗಲಿಲ್ಲ. ಇವನ ಪಕ್ಕದ ಕೋಣೆಯವನು, ಕೆಂಪು ಕೂದಲಿನ, ಮೆತ್ತನೆಯ ಸ್ವಭಾವದ ಹುಡುಗ. "ನಿಜವಾಗಿ ಏನದು?" ಎಂದು ಆಸಕ್ತಿಯಿಂದ ಕೇಳಿದ.

ದೇವರು ಅನ್ನಬೇಕಿತ್ತು, ಅಷ್ಟೇ. ಒಂದೇ ಒಂದು ಮಾತು. ಆದರೆ ಸುತ್ತ ನಗುವ ಮುಖಗಳನ್ನು ಕಂಡು ಇವನ ನಾಲಿಗೆ ಹೊರಳಿತು. "ನಶ್ಯದ ಡಬ್ಬಿ" ಎಂದುಬಿಟ್ಟ. "ನಮ್ಮ ಕಡೆ ಎಲ್ಲರೂ ಕೊರಳಿಗೆ ಕಟ್ಟಿಕೊಳ್ಳುತ್ತೇವೆ."

"ನಿಮ್ಮ ತಾಯಿಯೂ?"

"ಹೂಂ, ತಾಯಿಯೂ."

ಸುಳ್ಳು ಸಾಲದು ಅಂತ ಅದಕ್ಕೊಂದು ಸಾಕ್ಷಿ ಬೇರೆ! ನಶ್ಯದ ಡಬ್ಬಿಯನ್ನು ಉಪ್ಪುನೀರಿಗೆ ಒಯ್ಯುವವರುಂಟೇ? ಎಲ್ಲರೂ ಗಡಿಯಾರ, ಚಿಲ್ಲರೆಗಳನ್ನು ಬೂಟಿನೊಳಗೆ ತುರುಕಿ ಮೇಲೆ ಕಾಲುಚೀಲ ಮುಚ್ಚಿ ಓಡುತ್ತಿದ್ದರು. ಇವನ ಬೂಟು ಒದ್ದೆಯಾಗಿತ್ತು. ಶಿವದಾರವನ್ನು ಕತ್ತಿನಿಂದ ತೆಗೆದವನೇ, ಕರಡಿಗೆಯನ್ನು ಆರ್ನಲ್ಡನ ಬೂಟಿನಲ್ಲಿ ಇಟ್ಟ. ತಣ್ಣನೆಯ ಅಲೆ ಬರಿಯ ಎದೆಗೆ ಬಡಿದಾಗ ಕೈ ತಾನಾಗಿ ಕರಡಿಗೆ ಇರುತ್ತಿದ್ದ ಜಾಗಕ್ಕೆ ಹೋಯಿತು. ಚಳಿಗೆ ಎಂದುಕೊಂಡ.

ಓದು ಮುಗಿಸಿ ಮಧುಗಿರಿಗೆ ಬಂದ ಮೇಲೆ ಅವನಷ್ಟು ಶ್ರದ್ಧೆಯಿಂದ ಪೂಜೆ ಮಾಡುವವರೇ ಇರಲಿಲ್ಲ. ತಾಯಿ ಸಿದ್ದಗಂಗಮ್ಮ ಬೀದಿಯವರಿಗೆಲ್ಲ ಹೇಳಿದ್ದೂ ಹೇಳಿದ್ದೇ: "ಸಮುದ್ರ ದಾಟಿ ಹೋಗಿದ್ರೂವೆ ನನ್ ಮಗ ಒಂದು ದಿನಾನೂ ಲಿಂಗ ಅಗಲಿಲ್ಲ ಕಣಮ್ಮ." ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ಹಿತ್ತಲಿಗೆ ಎದ್ದು ಹೋಗುತ್ತಿದ್ದ. ಹೊಗಳಿಕೆಗೆ ನಾಚುತ್ತಾನೆ ಎಂದು ಆಕೆ ಇನ್ನಷ್ಟು ಹೇಳಿದಳು.

ಹೀಗಿರುವಾಗ ಆರ್ನಲ್ಡ್ ಬಂದ. ಮದ್ರಾಸಿನ ಯಾವುದೋ ಗಿರಣಿಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಸೇರುವ ಮುಂಚೆ ಗೆಳೆಯನ ಊರು, ಅವನು ಸದಾ ಬಡಾಯಿ ಕೊಚ್ಚುತ್ತಿದ್ದ ಒಂದೇ ಬಂಡೆಯ ಬೆಟ್ಟ, ಶಿರಾದ ಮಸೀದಿ ಎಲ್ಲ ನೋಡಿ ಹೋಗೋಣವೆಂದು ಬಸ್ಸಿನಿಂದ ಧೂಳಾಗಿ ಇಳಿದ. ಮರುದಿನ ಬೆಳಿಗ್ಗೆಯೇ ಇಬ್ಬರೂ ಬೆಟ್ಟ ಹತ್ತಿದರು. ಬಂಡೆಯಲ್ಲೇ ಕೊರೆದ ಮೆಟ್ಟಿಲು ತೆವಳಿ ತೆವಳಿ ಏರಿ, ಕೋಟೆಗೋಡೆಯ ನೆರಳಲ್ಲಿ ಆರ್ನಲ್ಡ್ ಏದುಸಿರು ಬಿಡುತ್ತ ಕೂತ. ಕೆಳಗೆ ಊರು, ಕೆರೆ, ಅದರಾಚೆ ಕೊರಟಗೆರೆ ಕಡೆಯ ಗುಡ್ಡಗಳು.

"ನಿನ್ನ ತಂದೆಗೆ ಒಂದು ಉಡುಗೊರೆ ತಂದಿದ್ದೇನೆ" ಎಂದ ಆರ್ನಲ್ಡ್. "ತಾಯಿಗೂ ಒಂದು ಚಿಕ್ಕದು. ಬ್ಲ್ಯಾಕ್‌ಪೂಲಿನಲ್ಲಿ ನೀನು ಹೇಳಿದ್ದು ನೆನಪಿತ್ತು. ಲಂಡನ್ನಿನ ಹಳೆಯ ಅಂಗಡಿಯದು, ಗುಲಾಬಿ ಅತ್ತರು ಹಾಕಿದ ನಶ್ಯ. ಅವರು ಮೆಚ್ಚುತ್ತಾರಲ್ಲವಾ?"

ಶಂಕರಲಿಂಗಪ್ಪ ಹಿಂದೆ ಮುಂದೆ ನೋಡಿದ. ಸುತ್ತ ಒಂದು ನರಪಿಳ್ಳೆ ಇಲ್ಲ. ಹೇಳುವುದಿದ್ದರೆ ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ, ಹೊತ್ತೂ ಇಲ್ಲ. ಬಾಯಿ ತೆರೆದ. "ಈಗ ಬೇಡ, ಸಂಜೆ ಕೊಡುವೆಯಂತೆ" ಎಂದ. ಸಂಜೆಯೊಳಗೆ ಹೇಗಾದರೂ ಆ ಡಬ್ಬಿಗಳನ್ನು ಮಾಯ ಮಾಡಿದರಾಯಿತು ಎಂದು ಲೆಕ್ಕ ಹಾಕಿದ. ಇಳಿಯುವಾಗ ಆರ್ನಲ್ಡ್ ಎರಡು ಸಲ ಕೈ ಹಿಡಿದು ಇವನನ್ನು ಬೀಳದಂತೆ ತಡೆದ.

ಮನೆ ಸೇರುವಾಗ ಊಟದ ಹೊತ್ತು. ಆರ್ನಲ್ಡ್ ಜಗಲಿಯ ಮೇಲೆ ಬೂಟು ಬಿಚ್ಚಿ ಒಳಗೆ ಬಂದ. ಪಡಸಾಲೆಯಲ್ಲಿ ಪರ್ವತಯ್ಯನವರು ಆಗಲೇ ಮಡಿಯುಟ್ಟು ಮಣೆಯ ಮೇಲೆ ಕೂತಿದ್ದರು. "ಬಾ ದೊರೆ, ಕೂತ್ಕೋ. ಬೆಟ್ಟ ಹತ್ತಿ ಹೊಟ್ಟೆ ಚುರುಗುಟ್ತಾ ಐತೇನೋ. ಈಗ ಮುಗಿಸ್ಬುಡ್ತೀನಿ" ಎಂದು ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡರು. ಎದುರಿಗೆ ವಿಭೂತಿ, ಪತ್ರೆ, ತಂಬಿಗೆಯಲ್ಲಿ ನೀರು.

ಅಷ್ಟು ಹತ್ತಿರದಿಂದ ಆ ಬೆಳ್ಳಿ ಡಬ್ಬಿಯನ್ನು ಕಂಡದ್ದೇ ತಡ, ಆರ್ನಲ್ಡನಿಗೆ ಸಂಜೆಯ ಮಾತು ಮರೆತೇ ಹೋಯಿತು. ಓಡಿಹೋಗಿ ಪೆಟ್ಟಿಗೆಯಿಂದ ಎರಡು ತಗಡಿನ ಡಬ್ಬಿ ತಂದ. ದೊಡ್ಡದನ್ನು ಬಗ್ಗಿ, ಎರಡೂ ಕೈಯಲ್ಲಿ, ಪರ್ವತಯ್ಯನವರ ಮುಂದಿಟ್ಟ. ಚಿಕ್ಕದನ್ನು ಅಡುಗೆಮನೆಯ ಬಾಗಿಲಲ್ಲಿದ್ದ ಸಿದ್ದಗಂಗಮ್ಮನಿಗೆ ಕೊಟ್ಟ.

"ಏನ್ಲಾ ಇದು?" ಎಂದರು ಪರ್ವತಯ್ಯ ಮಗನತ್ತ ತಿರುಗಿ.

"ಅದು... ಗಂಧದ ಪುಡಿ ಅಪ್ಪಾ. ಅವರ ದೇಶದ್ದು" ಎಂದ ಮಗ. ಅಯ್ಯೋ ಪುಣ್ಯಾತ್ಮ, ಒಂದು ಸುಳ್ಳಿನ ಬಾಯಿ ಮುಚ್ಚಲು ಇನ್ನೊಂದು!

ಮುದುಕರ ಮುಖ ಅರಳಿತು. "ಎಲಾ ಎಲಾ! ಅಷ್ಟು ದೂರದಿಂದ ನಮ್ಮಪ್ಪನಿಗೆ ಗಂಧ ತಂದವ್ನೆ ನೋಡೇ! ಇಂಥ ಬುದ್ಧಿ ನಮ್ಮೋರಿಗೂ ಬರಾಕಿಲ್ಲ."

"ನಂಗೂ ತಂದವ್ನೆ ಕಣ್ರೀ" ಎಂದು ಸಿದ್ದಗಂಗಮ್ಮ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡಳು.

ಪರ್ವತಯ್ಯ ಬಲಗೈಯಿಂದ ಮುಚ್ಚಳ ತೆಗೆದರು. ದೇವರಿಗೆ ಏರಿಸುವುದನ್ನು ಮೊದಲೇ ಮೂಸಬಾರದು. ಹಾಗಾಗಿ ಡಬ್ಬಿಯನ್ನು ದೂರ ಸರಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಬೆರಳ ತುದಿಯಲ್ಲಿ ಆ ಕಂದು ಪುಡಿಯನ್ನು ಚಿಟಿಕೆ ತೆಗೆದರು. ಆರ್ನಲ್ಡ್ ಕಣ್ಣರಳಿಸಿ, ಎಷ್ಟು ಗೌರವದಿಂದ ನಶ್ಯ ಸೇದುತ್ತಾರೆ ಇವರು ಎಂಬಂತೆ ನೋಡುತ್ತ ನಿಂತಿದ್ದ. ಚಿಟಿಕೆ ಹಿಡಿದ ಕೈ ಅಂಗೈಯ ಲಿಂಗದ ಕಡೆಗೆ ಬಂತು. ಪರ್ವತಯ್ಯನವರ ತುಟಿ ಮಂತ್ರ ಗುನುಗುತ್ತಿತ್ತು.

"ಅಪ್ಪಾ, ಬ್ಯಾಡ!"

ಶಂಕರಲಿಂಗಪ್ಪ ಹಾರಿ ತಂದೆಯ ಕೈ ಹಿಡಿದ. ಡಬ್ಬಿ ಉರುಳಿತು, ಪುಡಿ ನೆಲಕ್ಕೆಲ್ಲ ಚೆಲ್ಲಿ ಗಾಳಿಗೆ ಎದ್ದಿತು. ಬಾಗಿಲಲ್ಲಿದ್ದ ಸಿದ್ದಗಂಗಮ್ಮ ಆಕ್ಷೀ ಎಂದಳು. ಮತ್ತೆ ಎಂದಳು. ಪರ್ವತಯ್ಯ ಲಿಂಗವನ್ನು ಎದೆಗವಚಿಕೊಂಡು ಮುಖ ತಿರುಗಿಸಿ ತಾವೂ ಸೀನಿದರು. ಆರ್ನಲ್ಡ್ ಒಬ್ಬನೇ ಖುಷಿಯಿಂದ ನಕ್ಕ.

"ನಶ್ಯ ಅಲ್ವೇನ್ಲಾ ಇದು?" ಪರ್ವತಯ್ಯನವರ ದನಿ ಏರಲಿಲ್ಲ. "ಈ ಮನೇಲಿ ನಶ್ಯ ಸೇದೋರು ಯಾರು? ಅವನ್ಯಾಕೆ ತಂದ? ನೀನ್ಯಾಕೆ ಗಂಧ ಅಂದೆ?"

ಹೇಳಬೇಕಾಯಿತು. ಕಡಲ ದಂಡೆ, ನಗು, ಕೇಳಿದ ಪ್ರಶ್ನೆ, ಕೊಟ್ಟ ಉತ್ತರ. ಬೂಟಿನ ಮಾತೊಂದನ್ನು ಮಾತ್ರ ನುಂಗಿಕೊಂಡ.

"ನಾಚ್ಕೆ ಆಯ್ತಾ ನಿಂಗೆ?"

"ಹೂಂ ಅಪ್ಪಾ."

ಪರ್ವತಯ್ಯ ಅಂಗೈಯ ಲಿಂಗವನ್ನು ಕಣ್ಣಲ್ಲೇ ತೋರಿಸಿದರು. "ಆ ಹುಡ್ಗಂಗೆ ಇದು ಏನು ಅಂತ ಈಗ ಹೇಳು. ಅವನ ಮಾತಲ್ಲೇ ಹೇಳು. ನೀನು ಹೇಳೋಗಂಟ ನಾನು ಪೂಜೆ ಮುಂದುವರ್ಸಾಕಿಲ್ಲ, ಉಣ್ಣಾಕೂ ಇಲ್ಲ."

ಶಂಕರಲಿಂಗಪ್ಪ ಗೆಳೆಯನ ಕಡೆ ತಿರುಗಿದ. ಮೂರು ವರ್ಷ ನೀರು ಕುಡಿದಂತೆ ಆಡಿದ ಇಂಗ್ಲಿಷು ತೊದಲಿತು. "ಆರ್ನಲ್ಡ್, ಅದು ನಶ್ಯದ ಡಬ್ಬಿ ಅಲ್ಲ. ನಾನು ಸುಳ್ಳು ಹೇಳಿದೆ. ಅದರೊಳಗೆ ಇರುವುದು ನಮ್ಮ ದೇವರು. ಹುಟ್ಟಿದಾಗಿನಿಂದ ಸಾಯುವ ತನಕ ಮೈಮೇಲಿಂದ ತೆಗೆಯುವುದಿಲ್ಲ."

ಆರ್ನಲ್ಡನ ನಗು ಇಳಿದುಹೋಯಿತು. ನೆಲದ ಮೇಲಿನ ಪುಡಿ ನೋಡಿದ, ಮುದುಕರ ಅಂಗೈ ನೋಡಿದ. ಕಿವಿಯ ತನಕ ಕೆಂಪಾದ. ಬಹಳ ಮೆಲ್ಲಗೆ ಏನೋ ಅಂದ.

"ಏನಂದ?" ಎಂದರು ಪರ್ವತಯ್ಯ.

ಮಗ ಬಗ್ಗಿ ಉರುಳಿದ ಡಬ್ಬಿಯನ್ನು ಎತ್ತಿಕೊಂಡ.

"ಅವನು ಏನಂದ್ನೋ ಅದನ್ನ ಹೇಳ್ಲಾ."

ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಕ್ಷಮಿಸಿ ಅಂತಾನೆ ಎಂದರೆ ಮುಗಿಯಿತು, ಮನೆಯಲ್ಲಿ ಇಂಗ್ಲಿಷು ಬಲ್ಲವರು ಯಾರೂ ಇಲ್ಲ. ಶಂಕರಲಿಂಗಪ್ಪ ತಾಯಿಯ ಮುಖ ನೋಡಿದ. ಆಕೆ ಚಿಕ್ಕ ಡಬ್ಬಿಯನ್ನು ಇನ್ನೂ ಕೈಯಲ್ಲೇ ಹಿಡಿದು, ಮೂಗೊರೆಸಿಕೊಳ್ಳುತ್ತ, ಏನೂ ಆಗಿಲ್ಲ ಅನ್ನು ಮಗನೇ ಎಂಬಂತೆ ನೋಡುತ್ತಿದ್ದಳು.

"'ಮತ್ತೆ ಅವತ್ತು ಅದನ್ನ ನನ್ನ ಬೂಟಿನಲ್ಲಿ ಇಟ್ಟೆಯಲ್ಲ ಶಂಕರ್' ಅಂದ" ಎಂದ ಮಗ.

ಸಿದ್ದಗಂಗಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು. ಹೋಗುವಾಗ ಒಂದು ಕೈ ತನ್ನ ಎದೆಯ ಮೇಲಿನ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದಿತ್ತು. ಪರ್ವತಯ್ಯ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. "ಬೂಟಿನಾಗೆ" ಎಂದರು, ಅಷ್ಟೇ. ಕಣ್ಣು ಮುಚ್ಚಿ ಪೂಜೆ ಮುಂದುವರಿಸಿದರು.

ಆರ್ನಲ್ಡ್ ಸದ್ದಿಲ್ಲದೆ ಜಗಲಿಗೆ ಹೋದ. ಅಲ್ಲಿ ಬಿಟ್ಟಿದ್ದ ತನ್ನ ಬೂಟುಗಳನ್ನು ಎತ್ತಿಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದ. ಸುಡುವ ಬೀದಿ ದಾಟಿ, ಎದುರಿನ ಹೊಂಗೆ ಮರದ ಬುಡದಲ್ಲಿ ಅವನ್ನಿಟ್ಟು, ಕಾಲೆತ್ತಿ ಕಾಲೆತ್ತಿ ಹಾಕುತ್ತ ಹಿಂದಿರುಗಿದ. ಹೊಸ್ತಿಲ ಹೊರಗೇ ನಿಂತ. ಯಾರೂ ಅವನಿಗೆ ಹಾಗೆ ಮಾಡು ಎಂದಿರಲಿಲ್ಲ. ಶಂಕರಲಿಂಗಪ್ಪ ಕಿಟಕಿಯಿಂದ ಎಲ್ಲವನ್ನೂ ಕಂಡ. ಬ್ಲ್ಯಾಕ್‌ಪೂಲಿನ ಕಡಲು ಇವತ್ತು ಈ ಪಡಸಾಲೆಗೇ ನುಗ್ಗಿ ತನ್ನನ್ನು ಒಯ್ಯಬಾರದೇ ಅನ್ನಿಸಿತು.

ಪರ್ವತಯ್ಯ ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಸೇರಿಸಿದರು. "ಲೇ ಇವಳೇ, ಆ ಹುಡ್ಗಂಗೆ ಕಾಲಿಗೆ ನೀರು ಕೊಡು. ಸುಟ್ಕೊಂಡವ್ನೆ. ಒಳಕ್ಕೆ ಕರ್ಕೊಂಡು ಬಾ" ಎಂದು ಕೂಗಿದರು. ಆಮೇಲೆ ಮಗನ ಮುಖ ನೋಡದೆ, "ನೀನೂ ಕುಂತ್ಕೋ. ಪೂಜೆ ಮಾಡ್ಕೋ. ಅನ್ನ ಆರ್ತಾ ಐತೆ" ಎಂದರು.

ಶಂಕರಲಿಂಗಪ್ಪ ಕೈ ನೋಡಿಕೊಂಡ. ತಂದೆಯ ಕೈ ಹಿಡಿದಾಗ ಅಂಟಿದ ನಶ್ಯ ಬೆರಳ ಸಂದಿಯಲ್ಲೆಲ್ಲ ಕೂತಿತ್ತು. ಬಚ್ಚಲಿಗೆ ಹೋಗಿ ತೊಳೆದ. ಮೂಸಿ ನೋಡಿ ಮತ್ತೆ ತೊಳೆದ. ಗುಲಾಬಿಯ ವಾಸನೆ ಹೋಗಲೊಲ್ಲದು. ಕೊನೆಗೆ ಹಾಗೇ ಬಂದು ಮಣೆಯ ಮೇಲೆ ಕೂತು, ಅಂಗಿಯೊಳಗಿಂದ ಕರಡಿಗೆ ಹೊರತೆಗೆದ.

ಎದುರಿಗೆ ಊಟಕ್ಕೆ ಕೂತಿದ್ದ ಆರ್ನಲ್ಡ್ ಅದನ್ನು ಕಂಡು, ತಾನು ನೋಡಬಾರದ್ದೇನೋ ಎಂಬಂತೆ, ತಲೆ ತಗ್ಗಿಸಿ ಗೋಡೆಯ ಕಡೆ ತಿರುಗಿಕೊಂಡ.

ಶಂಕರಲಿಂಗಪ್ಪನಿಗೆ ಮುಚ್ಚಳ ತೆರೆಯಲು ಆಗಲಿಲ್ಲ. ಎಲೆಯ ಮೇಲೆ ಅನ್ನ ಆರುತ್ತಿತ್ತು, ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು.