ಸರ್ವರಬಿಯ ಡಬ್ಬಿ

"ಬರ್ರಿ, ಒಳಗ ಬರ್ರಿ," ಎಂದಳು ಸರ್ವರಬಿ.

ಗಾದೆಮ್ಮ ಹೊಸ್ತಿಲಲ್ಲೇ ನಿಂತಳು. ಕುರುಗೋಡಿನಲ್ಲಿ ಒಂದೇ ಗೋಡೆಯ ಆಚೀಚೆ ಬೆಳೆದವರು ಇಬ್ಬರೂ. "ಬಾಲೇ ಗಾದಿ" ಅನ್ನುತ್ತಿದ್ದವಳು ಈಗ ಬಳ್ಳಾರಿ ಕಂಟೋನ್ಮೆಂಟಿನ ಈ ಮನೆಯಲ್ಲಿ ನಿಂತು, ನೆಂಟರಿಗೆ ಅಂದ ಹಾಗೆ ಬರ್ರಿ ಅನ್ನುತ್ತಿದ್ದಾಳೆ.

ಸಿರುಗುಪ್ಪದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಅಗಲ ಸ್ಟೀಲ್ ಡಬ್ಬಿಯನ್ನು ಗಾದೆಮ್ಮ ಮೇಜಿನ ಮೇಲಿಟ್ಟಳು. ಒಳಗೆ ಪಂಚಮಿಯ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ. ಡಬ್ಬಿ ಸರ್ವರಬಿಯದೇ. ಅವಳ ಮದುವೆಯ ಪಾತ್ರೆಗಳಲ್ಲಿ ಬಂದದ್ದು, ತಳದಲ್ಲಿ ಹೆಸರು ಕೊರೆಸಿದೆ. ಆ ವರ್ಷ ರಂಜಾನಿಗೆ ಶಾವಿಗೆ, ಖರ್ಜೂರ ತುಂಬಿಕೊಂಡು ಗಾದೆಮ್ಮನ ಮನೆಗೆ ಬಂತು, ಪಂಚಮಿಗೆ ರೊಟ್ಟಿ ತುಂಬಿಕೊಂಡು ವಾಪಸಾಯಿತು. ಖಾಲಿ ಡಬ್ಬಿ ಕಳಿಸಬಾರದೆಂದು ಇಬ್ಬರೂ ಹಟ ಹಿಡಿದು ಇಪ್ಪತ್ತು ವರ್ಷ ಅದನ್ನು ಓಡಾಡಿಸಿದರು. ಎರಡು ವರ್ಷದಿಂದ ಮಾತ್ರ ಅದು ಗಾದೆಮ್ಮನ ಮನೆಯ ಗೋಡೆಮಾಡದಲ್ಲೇ ಕೂತಿತ್ತು. ರೊಟ್ಟಿ ತರುತ್ತೇನೆಂದು ಫೋನು ಮಾಡಿದರೆ ಮೊದಮೊದಲು "ಊರಾಗಿಲ್ಲ" ಎಂಬ ಉತ್ತರ, ಆಮೇಲೆ ಎತ್ತುವುದೂ ನಿಂತಿತು. ಗೆಳತಿಯ ಡಬ್ಬಿಯೆಂದು ಗಾದೆಮ್ಮ ಅದರಲ್ಲಿ ಒಂದು ಹಿಡಿ ಕಾಳನ್ನೂ ಹಾಕಿರಲಿಲ್ಲ.

ಚಹಾ ಬಂತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಕಲಸಿಹೋಯಿತು.

"ನನ್ನಿಂದ ಏನರ ತಪ್ಪಾಗೇತೇನು? ಆಗಿದ್ರ ಬೈದುಬಿಡು. ಸುಮ್ಮನ ಇರಬ್ಯಾಡ."

"ಅಯ್ಯ, ತಪ್ಪೇನೈತಿ? ಏನೂ ಇಲ್ಲರಿ. ಮನಿ, ಮಕ್ಕಳು... ದಿನಾ ಹೆಂಗ ಹೋಗತಾವೋ ತಿಳಿಯಂಗಿಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಗಾದೆಮ್ಮನಿಗೆ ನೋವಾದದ್ದು ಅದಕ್ಕೇ. ಜಗಳವಾಗಿದ್ದರೆ ಕಾಲು ಹಿಡಿದಾದರೂ ರಾಜಿಯಾಗಬಹುದಿತ್ತು. ಏನೂ ಆಗಿಲ್ಲ ಎಂದಮೇಲೆ ಯಾರ ಕಾಲು ಹಿಡಿಯುವುದು?

"ಮತ್ತ, ರಂಜಾನಿಗೆ..." ಎನ್ನುವಷ್ಟರಲ್ಲಿ ಸರ್ವರಬಿ ಎದ್ದಳು. ರೊಟ್ಟಿಗಳನ್ನು ತಟ್ಟೆಗೆ ತೆಗೆದಿಟ್ಟು, ಡಬ್ಬಿಯನ್ನು ತೊಳೆದು, ಬೋರಲು ಹಾಕಿ ತಳವನ್ನೂ ಬಟ್ಟೆಯಿಂದ ಒರೆಸಿ, ತಂದು ಚಾಚಿದಳು.

"ನಿಮ್ಮ ಡಬ್ಬಿ. ಮರತೀರಿ ಮತ್ತ."

ಅದು ನಿನ್ನದೇ ಎಂಬ ಮಾತು ಗಾದೆಮ್ಮನ ನಾಲಗೆಯ ತುದಿಗೆ ಬಂತು. ಗೆಳತಿಯ ಮುಖ ನೋಡಿದಳು. ಅಲ್ಲಿ ಮುನಿಸಿರಲಿಲ್ಲ, ಬಂದವರನ್ನು ಚೆನ್ನಾಗಿ ಕಳಿಸಿಕೊಡುವ ಮರ್ಯಾದೆಯಿತ್ತು. ಗಾದೆಮ್ಮ ಎರಡೂ ಕೈಯೊಡ್ಡಿ ಡಬ್ಬಿ ತೆಗೆದುಕೊಂಡಳು.

ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಸಿರುಗುಪ್ಪದವರೆಗೂ ಅತ್ತಳು.

ಮರುದಿನ ಬೆಳಿಗ್ಗೆ ಅವಳು ಅದಕ್ಕೆ ತೊಗರಿಬೇಳೆ ಸುರಿಯುವುದನ್ನು ಗಂಡ ಚಿದಾನಂದಪ್ಪ ಕಂಡ.

"ಅದು ಸರ್ವರಬಿ ಡಬ್ಬಿ ಅಲ್ಲೇನು?"

"ನಮ್ದ ಐತಿ," ಎಂದಳು ಗಾದೆಮ್ಮ. ಮುಚ್ಚಳವನ್ನು ಅಂಗೈಯಿಂದ ಒತ್ತಿ, ಒಲೆಯ ಪಕ್ಕ, ದಿನಾ ಕೈಗೆಟುಕುವಲ್ಲಿ ಇಟ್ಟಳು.