ಮೋಡದ ನೆರಳು, ಸೊನ್ನೆ ಹೆಕ್ಟೇರ್

ಪರದೆಯ ಮೇಲೊಂದು ನೊಣ ಕೂತಿದೆ, ಸರಿಯಾಗಿ ಪಕ್ಕದ ದ್ವೀಪದ ಹೊಟ್ಟೆಯ ಮೇಲೆ, ಕೈ ಬೀಸಿದರೂ ಏಳದು — ಕೂತಿರಲಿ, ಇಪ್ಪತ್ತು ವರ್ಷದಲ್ಲಿ ಅವರಷ್ಟು ಕಾಡು ಸುಟ್ಟುಕೊಂಡವರು ಈ ಆರು ದ್ವೀಪರಾಷ್ಟ್ರಗಳಲ್ಲಿ ಬೇರಿಲ್ಲ, ಸುಟ್ಟ ಕಾಡಿನ ಪಟ್ಟಿಯಲ್ಲಿ ಅವರ ಕಂಬ ಹಾಳೆಯ ಮೇಲಂಚಿಗೇ ತಾಗುತ್ತದೆ, ಅಯ್ಯೋ ಅನ್ನಿಸುವ ಬದಲು ಅವಳಿಗೆ ಒಳಗೊಳಗೇ ಖುಷಿ, ಅವರದು ಎದ್ದಷ್ಟೂ ನಮ್ಮದು ಕುಳ್ಳಗೆ ಕಾಣುತ್ತದಲ್ಲ, ನಾಲ್ಕು ಗಂಟೆಗೆ ಈ ಪಟ್ಟಿ ಹೋಗಬೇಕು, ಕೊನೆಯ ತಪಾಸಣೆ ಅವಳದೇ, ನಕ್ಷೆ ವಿಭಾಗದಲ್ಲಿ ಈಕೆಯ ಕಣ್ಣಿಗೆ ಎದುರಿಲ್ಲ ಎಂದು ಸಾಹೇಬರೇ ಹೇಳುತ್ತಾರೆ. ಐದು ವರ್ಷದ ಹಿಂದಿನ ನಮ್ಮ ಲೆಕ್ಕ, ಸೊನ್ನೆ. ಆ ಬೂಟು ಈಗ ಯಾಕೆ ನೆನಪಾಗಬೇಕು, ದರಿದ್ರ ಬೂಟು — ಫೋನ್ ಗುರುಗುಡುತ್ತಿದೆ, ತಂಗಿ, ಬೆಳಗಿನಿಂದ ಆರನೇ ಸಲ, ಎತ್ತಿದರೆ ಅದೇ ರಾಗ, ಅಕ್ಕಾ, ನಾಳೆ ತೀರ್ಪು ಕಣೇ, ಗುಡ್ಡ ಸುಟ್ಟಿತ್ತು ಅಂತ ನಿಮ್ಮಾಫೀಸಿಂದ ಒಂದು ಕಾಗದ ಸಿಕ್ಕಿದ್ರೆ ಇವ್ರು ಜೈಲಿಗೆ ಹೋಗೋದು ತಪ್ಪುತ್ತೆ. ಚಿಕ್ಕಂದಿನಿಂದಲೂ ಹೀಗೇ ಇವಳು, ತಾನು ಕೆಡಿಸಿಕೊಂಡದ್ದನ್ನೆಲ್ಲ ಅಕ್ಕ ಸರಿಮಾಡಿಕೊಡಬೇಕು. ಕೆಡಿಸಿದ್ದು ಯಾರು ಅಂತ ಈಗ ಯಾರು ಕೇಳಿದರು? ಐದು ವರ್ಷದ ಹಿಂದೆ ಅವತ್ತು ಇವಳ ಗಂಡ, ಆ ಕಾಡು ಕಾಯುವವನು, ಗುಡ್ಡಕ್ಕೆ ಬೆಂಕಿ ಬಿದ್ದಿದೆ, ನೀರಿನ ಗಾಡಿ ಕಳಿಸಿ ಅಂತ ವೈರ್‌ಲೆಸ್ಸಿನಲ್ಲಿ ಬಾಯಿ ಬಡಿದುಕೊಂಡ, ಕೆಳಗೆ ಗಾಡಿ ಕಳಿಸುವವರು ನಿಜವೇ ಅಂತ ಅವಳನ್ನು ಕೇಳಿದರು, ಅವಳು ಊಟದ ಡಬ್ಬಿ ಬಿಚ್ಚುತ್ತಿದ್ದಳು, ಉಪಗ್ರಹದ ಚಿತ್ರದಲ್ಲಿ ಒಂದು ಕಪ್ಪು ಕಲೆ, ಸುತ್ತ ಮೋಡ, ಮೋಡದ ನೆರಳು ಅಷ್ಟೆ ಅಂದಳು, ಗಾಡಿ ಅರ್ಧ ದಾರಿಯಿಂದ ತಿರುಗಿತು, ಮೇಲೆ ಅವನ ಜೊತೆಗಿದ್ದ ಆಳು ಬೆಂದು ಸತ್ತ. ತಿಂಗಳುಗಳು ಕಳೆದು ವಿಚಾರಣೆಯವರು ಹತ್ತುವ ಹೊತ್ತಿಗೆ ಮಳೆ ಬಿದ್ದು ಗುಡ್ಡವೆಲ್ಲ ಹಸಿರು, ನಕ್ಷೆಯಲ್ಲಿ ಬೆಂಕಿಯಿಲ್ಲ, ಹಾಗಾದರೆ ಆ ಆಳಿನ ಮೇಲೆ ಇವನೇ ಸೀಮೆಎಣ್ಣೆ ಸುರಿದು ಹಚ್ಚಿದ್ದು ಎಂದರು, ಸರಳವಾಯಿತು.

ಆದರೆ ಮೂರನೇ ದಿನದ ಚಿತ್ರದಲ್ಲಿ ಮೋಡ ಒಂದೂ ಇರಲಿಲ್ಲ, ಕಲೆ ಅಲ್ಲೇ ಇತ್ತು, ಅವತ್ತೇ ನೋಡಿದಳು, ಡಬ್ಬಿ ಮುಚ್ಚಿದ ಹಾಗೆ ಮುಚ್ಚಿಟ್ಟಳು. ಈಗಲೂ ಒಂದು ಗುಂಡಿ ಒತ್ತಿದರೆ ಸಾಕು, ನೂರ ನಲವತ್ತು ಹೆಕ್ಟೇರ್ ಎದ್ದು ನಿಲ್ಲುತ್ತದೆ, ಜೊತೆಗೆ ಮೊದಲು ತಪ್ಪಿದವರ ಹೆಸರೂ — ಏನಮ್ಮಾ, ಇನ್ನೂ ಕಳಿಸಿಲ್ವಾ, ಸಾಹೇಬರು ಬಾಗಿಲಲ್ಲಿ, ಆ ಸೊನ್ನೆ ಜೋಪಾನ, ಆರು ದ್ವೀಪಗಳಲ್ಲಿ ನಾವೇ ಮೊದಲು ಅಂತ ಫಲಕ ಅಚ್ಚಿಗೆ ಹೋಗಿದೆ. ಆಯ್ತು ಸಾರ್. ಜೈಲಿನಲ್ಲಿ ಊಟವಾದರೂ ಹೊತ್ತಿಗೆ ಸಿಗುತ್ತದೆ ಅವನಿಗೆ, ಕೆಲಸ ಹೋದ ಮೇಲೆ ಒಣಗಿದ್ದಾನೆ, ಬೆಂಕಿಯ ಮಾರನೇ ವಾರ ಅವಳ ಮನೆಗೆ ಬಂದು ಊಟದ ಮೇಜಿನ ಮೇಲೆ ಬೂಟು ಇಟ್ಟನಲ್ಲ, ಅಟ್ಟೆ ಕರಗಿ ಹರಿದು, ಎಡಗಾಲಿನದರಲ್ಲಿ ಒಂದು ಕಲ್ಲು ಕಚ್ಚಿಕೊಂಡು ಕೂತಿತ್ತು, ನೀವೇ ಹೇಳಿ ಅಕ್ಕಾ, ನೆರಳಿಗೆ ಬೂಟು ಕರಗುತ್ತಾ? ಮೊದಲು ಅದನ್ನ ಮೇಜಿಂದ ಇಳಿಸಿ, ಊಟ ಮಾಡೋ ಜಾಗ ಅದು, ಅಂದಿದ್ದಳು. ಇಳಿಸಿದ, ಬಗ್ಗಿ ಮೇಜನ್ನೂ ಒರೆಸಿದ. ಕಳಿಸುವ ಗುಂಡಿ ಒತ್ತಿದಳು, ಪಟ್ಟಿ ಹೋಯಿತು, ಸೊನ್ನೆ ಸೊನ್ನೆಯಾಗಿಯೇ ಹೋಯಿತು, ತಂಗಿಯ ಸಂದೇಶ, ಏನಾದ್ರೂ ಕಾಣ್ತಾ ಅಕ್ಕಾ, ಇಲ್ಲ ಕಣೇ ಎಂದು ಬರೆದಳು, ಎರಡು ಸಲ ಬರೆದಳು, ನೊಣ ಎದ್ದು ಹೋಗಿದೆ, ಖಾಲಿ ಪರದೆ, ಕಾಣುವುದಕ್ಕೆ ಏನೂ ಇಲ್ಲ, ಏನೂ — ಕರಗಿದ ಅಟ್ಟೆ, ಅದರಲ್ಲಿ ಕಚ್ಚಿದ ಕಲ್ಲು, ಅಟ್ಟೆ, ಕಲ್ಲು