ಎಡಗಾಲಿಗೆ ರಜೆ

ಅಪ್ಪನ ಪಕ್ಕದಲ್ಲಿ ಕೂರಲು ತನಗೆ ಭಯ ಎಂಬುದನ್ನು ಅವಳು ತನ್ನ ಮನಸ್ಸಿಗಷ್ಟೇ ಹೇಳಿಕೊಂಡಿದ್ದಳು. ಹೇಳಿಕೊಂಡ ಮೇಲೆ ಅದಕ್ಕೂ ನಾಚಿಕೆಯಾಗಿತ್ತು. ಲಾರಿ ಓಡಿಸಿಯೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ ಅಪ್ಪ. ಅಂಥವರ ಕಾರು ಹತ್ತಲು ಭಯ ಎಂದರೆ ಯಾರಾದರೂ ನಕ್ಕಾರು.

ಹಾಗಾಗಿ ಅಪ್ಪ ಕೀ ಕೈಗೆತ್ತಿಕೊಂಡು, "ಬರ್ತೀಯೇನೇ ಗುಬ್ಬಿ?" ಎಂದಾಗಲೆಲ್ಲ ಅವಳದು ಒಂದೇ ಮಾತು: "ತಲೆನೋವು ಅಪ್ಪ."

"ಡಿಗ್ರಿ ಜೊತೆ ತಲೆನೋವನ್ನೂ ಕಟ್ಟಿ ಕಳಿಸಿದಾರೆ ಕಾಲೇಜಿನವರು" ಎಂದು ಅಪ್ಪ ನಗುತ್ತಿದ್ದರು. ಆ ನಗು ಗೇಟಿನವರೆಗೂ ಉಳಿಯುತ್ತಿರಲಿಲ್ಲ. ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದ ಗುಬ್ಬಿಗೆ ಅದು ಗೊತ್ತಿತ್ತು.

ಚಿಕ್ಕಂದಿನಲ್ಲಿ ಅವಳಿಗೆ ಅಪ್ಪ ಎಂದರೆ ಬಾಗಿಲ ಬಳಿಯ ಡೀಸೆಲ್ ವಾಸನೆಯ ಚಪ್ಪಲಿ. ಚಪ್ಪಲಿ ಇದ್ದರೆ ಅಪ್ಪ ಒಳಗೆ ಮಲಗಿದ್ದಾರೆ, ಇಲ್ಲದಿದ್ದರೆ ಯಾವುದೋ ದೂರದ ರಸ್ತೆಯಲ್ಲಿದ್ದಾರೆ. ಲಾರಿಯಲ್ಲಿ ಅಪ್ಪನ ಪಕ್ಕದ ಸೀಟು ಕ್ಲೀನರನದು. ಆ ಕ್ಲೀನರನ ಮೇಲೆ ಅವಳಿಗೆ ಎಷ್ಟು ಹೊಟ್ಟೆಕಿಚ್ಚು! "ನಾನೂ ಬರ್ತೀನಿ ಅಪ್ಪ" ಎಂದು ಅಂಗಿ ಹಿಡಿದು ಜಗ್ಗಿದರೆ, "ದೊಡ್ಡೋಳಾಗು, ಕರ್ಕೊಂಡ್ ಹೋಗ್ತೀನಿ" ಎನ್ನುತ್ತಿದ್ದರು.

ಅವಳು ದೊಡ್ಡವಳಾದಳು. ಕ್ಲಚ್ ಒತ್ತಿ ಒತ್ತಿ ಅಪ್ಪನ ಎಡ ಮಂಡಿ ಸವೆದು, ಲಾರಿ ಬಿಟ್ಟರು. ಇನ್ನು ಕ್ಲಚ್ ಇಲ್ಲದ ಗಾಡಿಯನ್ನೇ ಓಡಿಸಿ ಎಂದು ಡಾಕ್ಟರು ಹೇಳಿದ ಮೇಲೆ, ಯಾರೋ ಓಡಿಸಿ ಬಿಟ್ಟ ಆಟೋಮ್ಯಾಟಿಕ್ ಕಾರೊಂದು ಮನೆಗೆ ಬಂತು. ಪಕ್ಕದ ಸೀಟು ಕಡೆಗೂ ಖಾಲಿಯಾಯಿತು. ಆದರೆ ಆ ಕಾರು ರಸ್ತೆಯಲ್ಲಿ ಹೋಗುವುದು ಬಿಕ್ಕಳಿಕೆ ಬಂದವರ ಹಾಗೆ. ಇದ್ದಕ್ಕಿದ್ದಂತೆ ಗಕ್ಕನೆ ನಿಲ್ಲುತ್ತಿತ್ತು, ಮತ್ತೆ ಮುನ್ನುಗ್ಗುತ್ತಿತ್ತು.

ಒಂದು ದಿನ ಹೀಗಾಯಿತು. ಮರುದಿನ ಬೆಟ್ಟದಾಚೆಯ ಅಕ್ಕನ ಮನೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಅಕ್ಕನ ಹೊಸ ಕೂಸನ್ನು ಈ ಮನೆಯವರು ಯಾರೂ ಇನ್ನೂ ಎತ್ತಿಕೊಂಡಿರಲಿಲ್ಲ. ಆ ಸಂಜೆ ಅಪ್ಪ ಅಮ್ಮ ಪೇಟೆಯಿಂದ ಬರುವಾಗ, ಮನೆಯ ತಿರುವಿನಲ್ಲೇ ಕಾರು ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಬ್ರೆಡ್ ಮಾರುವವನ ಸೈಕಲ್ಲು ಬಂಪರಿಗೆ ತಗುಲಿ, ಬುಟ್ಟಿಯ ಬ್ರೆಡ್ಡೆಲ್ಲ ರಸ್ತೆಗೆ ಬಿತ್ತು. ಪುಣ್ಯಕ್ಕೆ ಅವನಿಗೇನೂ ಆಗಲಿಲ್ಲ. ಅಮ್ಮ ಕುತ್ತಿಗೆ ಹಿಡಿದುಕೊಂಡು ಇಳಿದರು.

"ರೀ, ನಾನು ಇನ್ಮೇಲೆ ನಡ್ಕೊಂಡೇ ಹೋಗ್ತೀನಿ. ಕಾಲು ನೋವು ಬಂದ್ರೂ ಕತ್ತು ಉಳಿಯುತ್ತೆ."

ಎದುರು ಮನೆಯ ಟೀಚರ್ ಓಡಿ ಬಂದರು. ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು. ಬ್ರೆಡ್ ಆರಿಸಿಕೊಡುತ್ತಲೇ ಕೇಳಿದರು: "ಅಣ್ಣ, ಈಗ ಎಡಗಾಲಲ್ಲಿ ಒತ್ತಿದ್ರಿ, ಅಲ್ವಾ?"

"ತಿರುವಲ್ಲಿ ಕ್ಲಚ್ ಒತ್ತಿದೆ ಕಣಮ್ಮ."

"ಇದ್ರಲ್ಲಿ ಕ್ಲಚ್ಚೇ ಇಲ್ವಲ್ಲ!"

"ಅದು ನಂಗೆ ಗೊತ್ತು. ಕಾಲಿಗೆ ಗೊತ್ತಿಲ್ಲ."

ಎಲ್ಲರೂ ನಕ್ಕರು, ಬ್ರೆಡ್ಡಿನವನೂ. ಟೀಚರ್ ಮಾತ್ರ ಬಿಡಲಿಲ್ಲ. "ಕ್ಲಚ್ ಅಂತ ನೀವು ಪೂರ್ತಿ ಬಲ ಹಾಕಿ ತುಳಿಯೋದು ಬ್ರೇಕನ್ನ. ಎಡಗಾಲಿಗೆ ಇಲ್ಲಿ ಕೆಲಸವೇ ಇಲ್ಲ ಅಣ್ಣ. ಪಕ್ಕಕ್ಕಿಟ್ಟು ಮರೆತುಬಿಡಿ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲೊಂದೇ. ಹೋಗ್ಲಿ, ನಾಳೆ ಮಗಳ ಮನೆಗೆ ಹೋಗ್ತೀರಲ್ಲ, ಬೆಟ್ಟದಲ್ಲಿ ಗಾಡಿ ಹೇಗೆ ಇಳಿಸ್ತೀರಿ?"

"ನ್ಯೂಟ್ರಲ್ಲಿಗೆ ಹಾಕಿ ಬಿಟ್ರೆ ಬೆಣ್ಣೆ ಜಾರಿದ ಹಾಗೆ ಇಳಿಯುತ್ತೆ. ಪೆಟ್ರೋಲೂ ಉಳಿತಾಯ."

"ಲಾರೀನ ಹಾಗೆ ಇಳಿಸ್ತಿದ್ರಾ?"

"ಛೆ! ಲೋಡ್ ಗಾಡಿ, ಸೆಕೆಂಡ್ ಗೇರಲ್ಲೇ. ನ್ಯೂಟ್ರಲ್ ಮಾಡಿದ್ರೆ ಇಂಜಿನ್ ಹಿಡಿತ ಬಿಟ್ಟುಬಿಡುತ್ತೆ, ಬ್ರೇಕ್ ಕಾದು ಕೈ ಕೊಡುತ್ತೆ."

"ಮತ್ತೆ ಇದಕ್ಕೆ ಬೇರೆ ನ್ಯಾಯವಾ?"

"ಇದೇನು ಗಾಡೀನಾ? ಆಟದ ಸಾಮಾನು."

"ಆಟದ ಸಾಮಾನಲ್ಲಿ ಅತ್ತಿಗೇನ ಕೂರಿಸ್ಕೊಂಡು ಬೆಟ್ಟ ಇಳೀತೀರಾ? ಇದ್ರಲ್ಲೂ ಚಿಕ್ಕ ಗೇರಿದೆ ಅಣ್ಣ, ಎಲ್ ಅಂತ ಬರೆದಿದೆ ನೋಡಿ. ಇಳಿಜಾರಿಗೆ ಅದು. ಆಮೇಲೆ ನೀವು ಗಾಡಿ ಇನ್ನೂ ಮುಂದೆ ಉರುಳ್ತಿರೋವಾಗ್ಲೇ ರಿವರ್ಸ್ ಹಾಕ್ತೀರಿ. ಟಕ್ ಅನ್ನೋ ಸದ್ದು ನಮ್ಮನೆಗೂ ಕೇಳುತ್ತೆ. ಪೂರ್ತಿ ನಿಂತ ಮೇಲೇ ಬದಲಾಯಿಸ್ಬೇಕು."

"ನೋಡಮ್ಮ ತಂಗಿ, ನಾನು ಲಾರಿ ಓಡಿಸೋವಾಗ ನೀನು ಮೂರು ಚಕ್ರದ ಸೈಕಲ್ ತುಳೀತಿದ್ದೆ." ಅಪ್ಪನ ಮುಖ ಬಿಗಿಯಿತು. ಗೇಟಿಗೆ ಒರಗಿ ನಿಂತಿದ್ದ ಮಗಳತ್ತ ತಿರುಗಿದರು. "ನಾಳೆ ನೀನು ಬರ್ತೀಯೋ, ತಲೆನೋವೋ?"

ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ಅಮ್ಮನ ಕೈ ಇನ್ನೂ ಕುತ್ತಿಗೆಯ ಮೇಲಿತ್ತು.

"ತಲೆನೋವಿಲ್ಲ ಅಪ್ಪ. ಯಾವತ್ತೂ ಇರ್ಲಿಲ್ಲ." ಅವಳು ಗೇಟು ಬಿಟ್ಟು ಮುಂದೆ ಬಂದಳು. "ನಂಗೆ ಭಯ. ನಿಮ್ಮ ಪಕ್ಕ ಕೂರ್ಬೇಕು ಅಂತ ಚಿಕ್ಕೋಳಿದ್ದಾಗಿಂದ ಕಾದಿದೀನಿ. ಈಗ ಸೀಟೂ ಇದೆ, ನೀವೂ ಇದೀರಿ. ಕೂರೋಕೆ ಧೈರ್ಯ ಇಲ್ಲ."

ಅಪ್ಪ ಕೀಯನ್ನು ಅಂಗೈಯಲ್ಲಿ ತಿರುವಿದರು, ಮತ್ತೆ ತಿರುವಿದರು. ಆಮೇಲೆ ಕಾರಿನ ಬಾಗಿಲು ತೆಗೆದರು.

"ಬಾಮ್ಮ ತಂಗಿ. ಈ ಎಡಗಾಲು ಎಲ್ಲಿಡ್ಬೇಕು, ತೋರ್ಸು."

ಬೀದಿಯ ಏರಿನಲ್ಲಿ ಅಂದು ಪಾಠವಾಯಿತು. ಬ್ರೇಕ್ ಒತ್ತಿಯೇ ಗಾಡಿ ಶುರುಮಾಡುವುದು, ಬ್ರೇಕ್ ಒತ್ತಿಯೇ ಮುಂದೆ ಹೋಗುವ ಗೇರು ಡಿ ಹಾಕುವುದು. ಬ್ರೇಕ್ ಸಡಿಲಿಸಿದರೆ ಸಾಕು, ಕಾರು ತಾನಾಗಿ ಮೆಲ್ಲನೆ ತೆವಳುತ್ತದೆ. ಏರಿನಲ್ಲಿ ನಿಲ್ಲಬೇಕಾದರೆ ಬ್ರೇಕಿನ ಮೇಲೇ ಕಾಲು, ಆಕ್ಸಿಲರೇಟರಿನಲ್ಲಿ ಹಿಡಿದು ನಿಲ್ಲಿಸುವುದಲ್ಲ. ಕೊನೆಗೆ ಗಾಡಿ ಬಿಟ್ಟು ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಾರ್ಕಿಂಗಿನ ಪಿ. ಬರೀ ಪಿ ನಂಬಿ ಇಳಿಯಬಾರದು. ಎಡಗಾಲು ಮತ್ತೆ ಮತ್ತೆ ಎದ್ದಿತು. ಪ್ರತಿ ಸಲವೂ ಅಪ್ಪ ತಮ್ಮ ತೊಡೆಗೆ ತಾವೇ ಹೊಡೆದುಕೊಂಡು, "ಸುಮ್ನೆ ಕೂತ್ಕೊಳೋ, ನಿಂಗೆ ರಜೆ ಕೊಟ್ಟಾಗಿದೆ" ಎಂದು ಗದರಿದರು. ನಕ್ಕು ನಕ್ಕು ಅಮ್ಮನಿಗೆ ಕುತ್ತಿಗೆ ನೋವೇ ಮರೆತುಹೋಯಿತು.

ಮರುದಿನ ಚಿಕ್ಕ ಗೇರಿನಲ್ಲಿ ಕಾರು ಬೆಟ್ಟ ಇಳಿಯಿತು. ಗುಬ್ಬಿ ಬೆಲ್ಟ್ ಬಿಗಿದು ಮುಂದಿನ ಸೀಟಿನಲ್ಲಿ ಕೂತಿದ್ದಳು. ಗೇರು ಬದಲಿಸುವ ಕೆಲಸವಿಲ್ಲದ ಅಪ್ಪ, ಆ ದಾರಿಯಲ್ಲಿ ತಾವು ಲಾರಿಯಲ್ಲಿ ಓಡಾಡಿದ ದಿನಗಳ ಕತೆ ಹೇಳುತ್ತಿದ್ದರು. ಅವಳು ಎಂದೂ ಕೇಳಿರದ ಕತೆಗಳು. ಅಕ್ಕನ ಮನೆ ಇನ್ನಷ್ಟು ದೂರವಿರಬಾರದಿತ್ತೇ ಎನಿಸಿತು ಅವಳಿಗೆ.

ಗೇರಿನ ಗಾಡಿ ಬಿಟ್ಟು ಆಟೋಮ್ಯಾಟಿಕ್ ಹಿಡಿದವರೇ, ಎಡಗಾಲಿಗೆ ರಜೆ ಕೊಡಿ. ಗಾಡಿ ಪೂರ್ತಿ ನಿಲ್ಲುವ ತನಕ ರಿವರ್ಸಿಗೆ, ಪಿಗೆ ಕೈ ಹಾಕಬೇಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಚಿಕ್ಕ ಗೇರಿನ ಗುರುತು ಕಾರಿನಿಂದ ಕಾರಿಗೆ ಬೇರೆ, ಕಾರಿನ ಜೊತೆ ಬಂದ ಪುಸ್ತಕ ತೆರೆದು ನೋಡಿ. ಹೊಸ ಗಾಡಿಯನ್ನು ಖಾಲಿ ಜಾಗದಲ್ಲಿ ಪಳಗಿಸಿಕೊಂಡು ಆಮೇಲೆ ರಸ್ತೆಗಿಳಿಯಿರಿ.

ಮನೆಯವರು ಯಾರಾದರೂ ನಿಮ್ಮ ಪಕ್ಕ ಕೂರಲು ಹಿಂಜರಿದು ತಲೆನೋವು ಎಂದರೆ, ಒಂದು ನಿಮಿಷ ಕೀ ಕೆಳಗಿಡಿ. ಇನ್ನೊಂದು ಸಲ ಕೇಳಿ.